ಹಯವದನ: ತಲೆ ದೇವದತ್ತನದು, ಮೈ ಕಪಿಲನದು. ಆ ಮೈ ತರೋದು ಹೇಗೆ?

ಸಂಜೆತಾಲೀಮು:
ಹಗಲು ಬ್ಯಾಂಕಿನ ಕೌಂಟರು, ಸಂಜೆ ಆರೂವರೆಗೆ ತಾಲೀಮು. ನಮ್ಮ ಹವ್ಯಾಸಿ ತಂಡ ಗಿರೀಶ ಕಾರ್ನಾಡರ 'ಹಯವದನ' ನಾಟಕ ಎತ್ತಿಕೊಂಡಿದೆ, ನಾನು ದೇವದತ್ತ. ಮೊದಲರ್ಧ ಸಲೀಸು. ಅವನು ಮೆತ್ತಗಿನ ಕವಿ, ನಾನು 58 ಕೆಜಿ. ಕಷ್ಟ ಶುರುವಾಗಿದ್ದು ಕಾಳಿ ಗುಡಿಯಲ್ಲಿ ಅವನ ಹೆಂಡತಿ ಪದ್ಮಿನಿ, ಅವನದೂ ಗಟ್ಟಿಮೈಯ ಗೆಳೆಯ ಕಪಿಲನದೂ ಕಡಿದ ತಲೆಗಳನ್ನ ಅದಲುಬದಲು ಇಟ್ಟಮೇಲೆ. ಮುಖವಾಡ ಬೇಡ ಅಂತ ನಿರ್ದೇಶಕರು ಮೊದಲೇ ತೀರ್ಮಾನಿಸಿದ್ದಾರೆ. ಸರಿ ಅಂತ ಎದೆ ಉಬ್ಬಿಸಿ, ತೋಳು ಅಗಲಿಸಿಕೊಂಡು ಬಂದೆ. ಪದ್ಮಿನಿ ಮಾಡೋ ಹುಡುಗಿ ಮುಖ ತಿರುಗಿಸಿ ನಕ್ಕಳು. ನಿರ್ದೇಶಕರು, "ಕಂಕುಳಲ್ಲಿ ಕುರು ಎದ್ದಿದೆಯೇನಪ್ಪಾ?" ಅಂದರು.

ಪ್ರದರ್ಶನಕ್ಕೆ ಮೂರು ವಾರ ಇದೆ. ದಯವಿಟ್ಟು ಜಿಮ್‌ಗೆ ಸೇರು ಅನ್ನಬೇಡಿ.

ಮಟ್ಟಿಮಣ್ಣು, ಮೈಸೂರು:
ಪೈಲ್ವಾನ ಎದೆ ಉಬ್ಬಿಸ್ಕೊಂಡು ಓಡಾಡೋದು ಸಿನಿಮಾದಲ್ಲಿ ಸ್ವಾಮಿ. ಅಜ್ಜನ ಕೈ ಹಿಡ್ಕೊಂಡು ಗರಡಿಮನೆಗೆ ಹೋಗ್ತಿದ್ದವನು ನಾನು. ಕುಸ್ತಿ ಮಟ್ಟಿಯಲ್ಲಿ ಎದೆ ತೆರೆದು ನಿಂತರೆ ಎದುರಾಳಿಗೆ ನೀವೇ ಹಿಡಿ ಕೊಟ್ಟಂಗೆ. ಮಂಡಿ ಒಂಚೂರು ಮಡಚಿರುತ್ತೆ, ಸೊಂಟ ಕೆಳಗೆ, ತೂಕ ಮುಂಗಾಲ ಮೇಲೆ. ಯಾರಾದ್ರೂ ಕೂಗಿದ್ರೆ ಕತ್ತೊಂದೇ ತಿರುಗಲ್ಲ, ಭುಜನೂ ಜೊತೆಗೇ ಬರುತ್ತೆ. ನೆಲದಿಂದ ಏಳುವಾಗ ಕೈ ಊರಲ್ಲ, ದಿನಾ ಬಸ್ಕಿ ಹೊಡೆದ ತೊಡೆ ಅದು. ನಮ್ಮಜ್ಜ ಎಪ್ಪತ್ತು ದಾಟಿದ್ರೂ ಕಾಫಿ ಲೋಟ ಹಿಡೀತಿದ್ದಿದ್ದು ಮುಷ್ಟಿಯಲ್ಲಿ. ಬೆರಳು ಅಂತ ಇದಾವೆ ಅನ್ನೋದೇ ಮರೆತೋಗಿತ್ತೇನೋ.

ರಂಗಪ್ರೇಮಿ:
ಇಷ್ಟೆಲ್ಲಾ ಯಾಕೆ? ಮಾತು ಸ್ಪಷ್ಟವಾಗಿ ಹೇಳಿ, ಜನ ನಂಬ್ತಾರೆ.

ಚೌಕಿಮನೆ, ಕುಂದಾಪುರ:
ಮೈಸೂರಿನವರು ಹೇಳಿದ್ದು ಸರಿ. ಆದರೆ ನಿಮಗೆ ಬೇಕಾದ್ದು ಪೈಲ್ವಾನ ಅಲ್ಲ ಮಾರಾಯ್ರೆ, ನಿಮ್ಮ ತಂಡದ ಕಪಿಲ. ಕಾರ್ನಾಡರ ನಾಟಕದಲ್ಲಿ ದೇವದತ್ತನಿಗೆ ಬಿಳಿಚಿದ ಮುಖವಾಡ, ಕಪಿಲನಿಗೆ ಕಪ್ಪು. ಅವು ಅದಲುಬದಲಾದರೆ ಮುಗಿಯಿತು, ಜನ ಅಷ್ಟು ಹೊತ್ತು ನೋಡಿದ ಮೈಯೇ ಬೇರೆ ತಲೆ ಹೊತ್ತು ನಿಲ್ಲುತ್ತದೆ. ಮುಖವಾಡ ತೆಗೆದಿರಾ, ಆ ಕೆಲಸ ನಿಮ್ಮ ತಲೆ ಮೇಲೆ ಬಿತ್ತು. ಕಪಿಲನ ಪಾತ್ರದವರು ಹೇಗೆ ಕೂರ್ತಾರೆ, ಎಲ್ಲಿ ತುರಿಸಿಕೊಳ್ತಾರೆ ನೋಡಿ ಕದಿಯಿರಿ. ನಿಮ್ಮದನ್ನು ಅವರು ಕದಿಯಲಿ.

ನಾನು ಹತ್ತು ವರ್ಷ ಬಡಗುತಿಟ್ಟಿನ ಯಕ್ಷಗಾನದಲ್ಲಿ ಕುಣಿದು ನಾಟಕಕ್ಕೆ ಬಂದವ. ಮೊದಲ ದಿನವೇ "ನೀವು ಹೆಜ್ಜೆ ಹಾಕ್ತಿದ್ದೀರಿ, ನಡೀತಾ ಇಲ್ಲ" ಅಂತ ಬೈಸಿಕೊಂಡೆ. ಆಗ ಒಂದು ಶಿಬಿರದಲ್ಲಿ, ಮೈಯ ಚಲನೆಯನ್ನೇ ಅಭ್ಯಾಸ ಮಾಡಿದ ನೃತ್ಯಗುರು ರುಡಾಲ್ಫ್ ಲಾಬಾನನ ಲೆಕ್ಕ ಹೇಳಿಕೊಟ್ಟರು. ಯಾವ ಚಲನೆ ಆದರೂ ಮೂರು ಕೇಳಿಕೊಳ್ಳಬೇಕು: ಭಾರವಾ ಹಗುರವಾ, ಥಟ್ಟನೆಯಾ ನಿಧಾನವಾ, ನೇರವಾ ಬಳಸಾ. ಹಗುರ, ನಿಧಾನ, ಬಳಸು ಸೇರಿದರೆ ತೇಲುವುದು. ಅದು ನಿಮ್ಮ ದೇವದತ್ತ. ಭಾರ, ಥಟ್ಟನೆ, ನೇರ ಸೇರಿದರೆ ಗುದ್ದುವುದು, ಕಪಿಲ. ಇನ್ನು ಮೇಲೆ ಕಣ್ಣು, ಮಾತು ತೇಲಲಿ, ಕುತ್ತಿಗೆಯಿಂದ ಕೆಳಗೆ ಗುದ್ದಲಿ. ದೊಡ್ಡ ನಡಿಗೆ ಎಲ್ಲ ಈಗಲೇ ಬೇಡ. ಒಂದು ತಂಬಿಗೆ ನೀರು ಕುಡಿದು ನೋಡಿ.

ಸಂಜೆತಾಲೀಮು, ನಾಲ್ಕು ದಿನ ಬಿಟ್ಟು:
ಕಪಿಲ ಮಾಡೋ ಗೆಳೆಯನ ಚಪ್ಪಲಿ ಇಸಕೊಂಡು ಹಾಕ್ಕೊಂಡೆ. ಎಡಗಾಲಿನ ಹಿಮ್ಮಡಿ ಹೊರಗಡೆಗೆ ಸವೆದಿದೆ. ನಾನೇನೂ ಮಾಡದೇನೇ ಹೆಜ್ಜೆ ಹೊರಕ್ಕೆ ವಾಲಿತು, ಮಂಡಿ ಅಗಲ ಆಯ್ತು. ಆಮೇಲೆ ತಂಬಿಗೆ. ಕೈ ಥಟ್ಟನೆ ಹೋಗಿ ಎತ್ತಿಬಿಟ್ಟಿತು, ಅರ್ಧ ನೀರು ಅಂಗಿ ಮೇಲೆ. ಇದ್ಯಾರ ಕೈ ಅನ್ನೋ ಹಾಗೆ ನೋಡುತ್ತಾ ನಿಂತೆ. ಈ ಸಲ ಪದ್ಮಿನಿ ನಗಲಿಲ್ಲ. ನಿರ್ದೇಶಕರು, "ಚೆಲ್ಲಿದ್ದು ಹಾಗೇ ಇರಲಿ" ಅಂದರು.

ಕೈ ಊರದೆ ಏಳೋ ಅಭ್ಯಾಸ ಬ್ಯಾಂಕಿನಲ್ಲೂ ನಡೀತಿದೆ. ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯೋ ಗತಿ!

ಇನ್ನೊಂದು ಉಳಿಯಿತು. ಮುಂದೆ ಈ ಮೈ ಬರಬರುತ್ತಾ ಮತ್ತೆ ದೇವದತ್ತನದೇ ಆಗುತ್ತಲ್ಲ, ಆ ಇಳಿಕೆ ತೋರಿಸೋದು ಹೇಗೆ?

ಚೌಕಿಮನೆ:
ತಂಬಿಗೆ ಬಿಡಬೇಡಿ. ಮೊದಲು ಮುಷ್ಟಿ, ಆಮೇಲೆ ಐದು ಬೆರಳು, ಕೊನೆಗೆ ಮೂರು.