ಹಳೆ ಐಪಾಡ್ ಕ್ಲಾಸಿಕ್‌ಗೆ 256 ಜಿಬಿ ಕಾರ್ಡ್ ಹಾಕಿದೆ, ಅರ್ಧ ತುಂಬಿದ ಮೇಲೆ ಕೆಡುತ್ತಿದೆ

ಪ್ರಶ್ನೆ (ಗದಗ):
ನಮಸ್ಕಾರ್ರಿ. ನನ್ನದು 2007ರ ಐಪಾಡ್ ಕ್ಲಾಸಿಕ್, 80 ಜಿಬಿ. ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿ ಕೈಕೊಟ್ಟಿತು. ಅದನ್ನು ತೆಗೆದು ಅಡಾಪ್ಟರ್ ಮೇಲೆ 256 ಜಿಬಿ ಎಸ್‌ಡಿ ಕಾರ್ಡ್ ಹಾಕಿದೆ, ರಿಸ್ಟೋರ್ (ಐಪಾಡ್‌ನ ತಂತ್ರಾಂಶ ಹೊಸದಾಗಿ ಹಾಕುವುದು) ಕೂಡ ಆಯಿತು. ಅಪ್ಪಾರು ಧಾರವಾಡ ಆಕಾಶವಾಣಿಯಿಂದ ಕ್ಯಾಸೆಟ್‌ಗೆ ರೆಕಾರ್ಡ್ ಮಾಡಿಟ್ಟ ಮನ್ಸೂರರು, ಗಂಗೂಬಾಯಿ, ಭೀಮಸೇನರ ಗಾಯನವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಉಳಿದ ಹಾಡುಗಳ ಜೊತೆ ಇದಕ್ಕೆ ತುಂಬುತ್ತಿದ್ದೇನೆ. ಅರ್ಧ ತುಂಬುವವರೆಗೆ ಸರಿ. ಆಮೇಲೆ ಹಾಡು ತಾನೇ ಮುಂದಿನದಕ್ಕೆ ಹಾರುತ್ತದೆ, ಕೊನೆಗೆ ಮತ್ತೆ ರಿಸ್ಟೋರ್ ಕೇಳುತ್ತದೆ. ಕಾರ್ಡ್ ಡುಪ್ಲಿಕೇಟ್ ಇರಬಹುದಾ?

ಉತ್ತರ (ಹುಬ್ಬಳ್ಳಿ):
ಡುಪ್ಲಿಕೇಟ್ ಕಾರ್ಡ್ ಮಾರುಕಟ್ಟೆಯಲ್ಲಿ ಜಾಸ್ತಿ ಇವೆ, ಅದಕ್ಕೆ ಮೊದಲು ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ (ಕಾರ್ಡಿನ ನಿಜವಾದ ಜಾಗ ಎಷ್ಟೆಂದು ತೋರಿಸುವ ತಂತ್ರಾಂಶ) ಹಾಕಿ ಪೂರ್ತಿ ಕಾರ್ಡ್ ಪರೀಕ್ಷೆ ಮಾಡಿರಿ. ಆದರೆ ನನಗೆ ಅನುಮಾನ ಇರುವುದು ಐಪಾಡ್ ಮೇಲೆಯೇ. 2007ರ 80 ಜಿಬಿ, 2008ರ 120 ಜಿಬಿ ಮಾಡೆಲ್‌ಗಳ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಸೆಕ್ಟರ್, ಅಂದರೆ ಡಿಸ್ಕಿನ ಜಾಗದ ಸಣ್ಣ ತುಣುಕುಗಳನ್ನು, ಎಣಿಸುವುದು 28 ಬಿಟ್‌ನಲ್ಲಿ. ಒಂದು ಸೆಕ್ಟರ್‌ಗೆ 512 ಬೈಟ್ ಅಂದರೆ ಸುಮಾರು 137 ಜಿಬಿಗೆ ಲೆಕ್ಕ ಮುಗಿಯಿತು, ಅದರಾಚೆಯ ಜಾಗ ಅದಕ್ಕೆ ಗೊತ್ತೇ ಆಗುವುದಿಲ್ಲ. 2009ರ 160 ಜಿಬಿ ಮಾಡೆಲ್‌ಗೆ ಈ ತೊಂದರೆ ಇಲ್ಲ. ನಿಮ್ಮದಕ್ಕೆ 128 ಜಿಬಿ ಕಾರ್ಡ್ ಹಾಕಿ ಮತ್ತೆ ರಿಸ್ಟೋರ್ ಮಾಡಿರಿ, ಸುಮ್ನೆ ಅಡಾಪ್ಟರ್ ಬದಲಿಸಿ ದುಡ್ಡು ಕಳೆಯಬೇಡಿ.

ತೆರೆಯುವಾಗ ಮಾತ್ರ ಅವಸರ ಬೇಡ. ಹಿಂದಿನ ಸ್ಟೀಲ್ ಕವರ್‌ಗೆ ಹೆಡ್‌ಫೋನ್ ಜ್ಯಾಕ್ ಮತ್ತು ಬ್ಯಾಟರಿಯ ಪಟ್ಟಿ ಕೇಬಲ್ ಅಂಟಿಕೊಂಡಿರುತ್ತವೆ, ಎರಡೂ ಭಾಗ ಒಮ್ಮೆಲೇ ಎಳೆದರೆ ಹರಿದೇ ಹೋಗುತ್ತವೆ. ಕನೆಕ್ಟರಿನ ಸಣ್ಣ ಲಾಕ್ ಅನ್ನು ಉಗುರಿನಿಂದ ಎತ್ತಿ, ಆಮೇಲೆ ಕೇಬಲ್ ಬಿಡಿಸಿರಿ.

ಪ್ರಶ್ನೆ (ಗದಗ):
128ರಲ್ಲಿ ಎಲ್ಲಾ ಹಿಡಿಸುತ್ತದಾ? ಈಗ ಎಲ್ಲಾ ಆ್ಯಪಲ್ ಲಾಸ್‌ಲೆಸ್‌ನಲ್ಲಿ (ದನಿಯ ಗುಣಮಟ್ಟ ಕಳೆಯದೆ ಇಡುವ ದೊಡ್ಡ ಫೈಲ್) ಇಟ್ಟಿದ್ದೇನೆ.

ಉತ್ತರ (ಹುಬ್ಬಳ್ಳಿ):
ಹಿಡಿಸುತ್ತದೆ ಬಿಡಿ. 256 ಕೆಬಿಪಿಎಸ್ (ಸೆಕೆಂಡಿಗೆ 256 ಕಿಲೋಬಿಟ್) ಎಎಸಿ, ಅಂದರೆ ಕುಗ್ಗಿಸಿದ ಸಣ್ಣ ಫೈಲ್, ಮಾಡಿದರೆ ಒಂದು ತಾಸಿಗೆ ಸುಮಾರು 115 ಎಂಬಿ, ಅಂದರೆ ಸಾವಿರ ತಾಸಿಗೂ ಜಾಸ್ತಿ ಗಾಯನ. ರೇಡಿಯೋದಿಂದ ಕ್ಯಾಸೆಟ್‌ಗೆ ಇಳಿದ ದನಿಗೆ ಅಷ್ಟು ಧಾರಾಳ ಸಾಕು, ನನಗಂತೂ ಕಿವಿಯಲ್ಲಿ ವ್ಯತ್ಯಾಸ ಸಿಗುವುದಿಲ್ಲ. ಲಾಸ್‌ಲೆಸ್ ಫೈಲುಗಳನ್ನು ಮಾತ್ರ ಅಳಿಸಬೇಡಿ. ಬೇರೆ ಬೇರೆ ಎರಡು ಹಾರ್ಡ್ ಡಿಸ್ಕ್‌ನಲ್ಲಿ ಕಾಪಿ ಇಡಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಅಣ್ಣ-ತಮ್ಮಂದಿರ ಮನೆಯಲ್ಲಿ. ಕ್ಯಾಸೆಟ್ ಟೇಪಿಗೆ ಬೂಷ್ಟು ಹಿಡಿದ ಮೇಲೆ ಮತ್ತೆ ಅದೇ ದನಿ ಸಿಗುವುದಿಲ್ಲ ಅಲ್ವಾ, ಆ ಕೆಲಸ ಐಪಾಡ್‌ಗಿಂತ ಮೊದಲು ಮುಗಿಸಿರಿ.