ಪಾತ್ರದ ಮನಸ್ಸಲ್ಲಿರೋದನ್ನು ಸ್ಕ್ರಿಪ್ಟ್‌ನಲ್ಲಿ ಬರೆಯೋದು ಹೇಗೆ?

ಕಿರುಚಿತ್ರ_ಹುಚ್ಚ:
12 ನಿಮಿಷದ ಶಾರ್ಟ್ ಫಿಲ್ಮ್ ಬರೆಯುತ್ತಿದ್ದೇನೆ. ಹುಡುಗನಿಗೆ ಕೆಲಸ ಹೋಗಿದೆ, ಮನೆಯಲ್ಲಿ ಹೇಳಿಲ್ಲ. ಈಗ ಹೀಗಿದೆ: "ರವಿ ಹಾಸಿಗೆ ಮೇಲೆ ಕೂತಿದ್ದಾನೆ. ಅಪ್ಪನಿಗೆ ಹೇಗೆ ಹೇಳೋದು ಅನ್ನುವ ಚಿಂತೆ. ಮುಖದಲ್ಲಿ ನೋವು." ಇದರಲ್ಲಿ ಶೂಟ್ ಮಾಡೋದು ಏನನ್ನ ಅಂತ ಕ್ಯಾಮೆರಾ ಮಾಡುವ ಗೆಳೆಯ ಕೇಳುತ್ತಿದ್ದಾನೆ. ವಾಯ್ಸ್ ಓವರ್ ಹಾಕಿಬಿಡಲಾ? ಇಲ್ಲಾ ಫೋನಲ್ಲಿ ಯಾರಿಗಾದರೂ ಹೇಳಿಸಲಾ?

ಎಡಿಟ್_ಟೇಬಲ್:
ಎರಡೂ ಬೇಡ. "ಮುಖದಲ್ಲಿ ನೋವು" ಅಂತ ಬರೆದರೆ ನಟ ಸುಮ್ನೆ ಹುಬ್ಬು ಗಂಟು ಹಾಕಿಕೊಂಡು ಕೂರುತ್ತಾನೆ ಅಷ್ಟೇ. ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ 1920ರ ಆಸುಪಾಸಿನಲ್ಲೇ ಒಂದು ಪ್ರಯೋಗ ಮಾಡಿದ್ದ. ಒಬ್ಬ ನಟನ ಅದೇ ಮುಖ, ಏನೂ ಭಾವ ಇಲ್ಲ. ಪಕ್ಕದಲ್ಲಿ ಸೂಪ್ ತಟ್ಟೆಯ ಶಾಟ್ ಜೋಡಿಸಿದರೆ ಹಸಿವು ಅನ್ನಿಸುತ್ತೆ, ಶವಪೆಟ್ಟಿಗೆ ಜೋಡಿಸಿದರೆ ದುಃಖ. ಹಾಗಾಗಿ ಮುಖ ಬಿಡಿ, ಅವನ ಕಣ್ಣ ಮುಂದೆ ಏನಿದೆ, ಕೈ ಏನು ಮಾಡ್ತಿದೆ ಅದನ್ನು ಬರೆಯಿರಿ. ಬೆಳಿಗ್ಗೆ ಎಂದಿನಂತೆ ಐಡಿ ಕಾರ್ಡ್ ಹಾಕಿಕೊಂಡು ಹೊರಟ, ಬೀದಿ ತಿರುವು ದಾಟಿದ ಮೇಲೆ ತೆಗೆದು ಜೇಬಿಗಿಟ್ಟ, ಹೀಗೆ.

ಮಂಡ್ಯ_ಮಾತು:
ಐಡಿ ಕಾರ್ಡನ್ನ ಕೊನೇ ದಿನವೇ ವಾಪಸ್ ಇಸ್ಕೊಳ್ತಾರೆ ಗುರು! ಆದರೆ ಅದೇ ಒಳ್ಳೆಯದಾಯ್ತು ನೋಡಿ. ಕೊರಳಲ್ಲಿ ಟ್ಯಾಗ್ ಇರಲಿ, ಅಂದ್ರೆ ಕಾರ್ಡ್ ನೇತಾಕೋ ಪಟ್ಟಿ, ತುದಿ ಅಂಗಿ ಜೇಬಿನೊಳಗೆ. ಅಮ್ಮ ಡಬ್ಬಿ ಕೊಟ್ಟು ಕಳಿಸ್ತಾರೆ. ಬಸ್‌ಸ್ಟಾಪಲ್ಲಿ ಬಗ್ಗಿದಾಗ ಟ್ಯಾಗ್ ಹೊರಗೆ ಜಾರುತ್ತೆ, ತುದಿಯಲ್ಲಿ ಬರೀ ಕೊಕ್ಕೆ.

ಇನ್ನೊಂದು, ಡೈಲಾಗ್ ಅಂದ್ರೆ ತಪ್ಪು ಅನ್ನೋ ಥರ ಎಲ್ಲರೂ ಮಾತಾಡ್ತಾರೆ, ನಾನಂತೂ ಒಪ್ಪಲ್ಲ. ಕೊಕ್ಕೆ ನಮಗೆ ಮೊದಲೇ ಕಂಡಿದ್ದರೆ, ರಾತ್ರಿ ಊಟಕ್ಕೆ ಕೂತಾಗ ಅಪ್ಪ "ಆಫೀಸು ಹೆಂಗಿತ್ತಪ್ಪಾ" ಅಂದು, ಇವನು "ಬರೀ ಮೀಟಿಂಗು, ತಲೆ ಕೆಟ್ಟೋಯ್ತು" ಅಂದರೆ ಸಾಕು, ಹೊಟ್ಟೆಯಲ್ಲಿ ಏನೋ ಆಗುತ್ತೆ. ಅದೇ ಕೊಕ್ಕೆ ಊಟದ ಸೀನ್ ಆದ ಮೇಲೆ ಬಂದರೆ ಟ್ವಿಸ್ಟ್. ಅದು ಬೇರೆಯೇ ಸಿನಿಮಾ. ನಿಮಗೆ ಯಾವುದು ಬೇಕು ಅಂತ ಮೊದಲು ತೀರ್ಮಾನ ಮಾಡಿ.

ಕಿರುಚಿತ್ರ_ಹುಚ್ಚ:
ಟ್ಯಾಗ್ ನಂದಾಯ್ತು, ಥ್ಯಾಂಕ್ಸ್! ಊಟಕ್ಕೆ ಮೊದಲೇ ಇಡ್ತೀನಿ. ಅಲ್ಲಿ ಕ್ಲೋಸಪ್ ಅಂತ ಬರೆಯಬೇಕಾ? ಮತ್ತೆ, ಒಂದು ಪುಟಕ್ಕೆ ಒಂದು ನಿಮಿಷ ಅನ್ನೋ ಲೆಕ್ಕ ಕನ್ನಡಕ್ಕೂ ಸರಿ ಹೋಗುತ್ತಾ?

ಎಡಿಟ್_ಟೇಬಲ್:
ಟ್ಯಾಗ್ ಸೂಪರ್. ಕ್ಲೋಸಪ್ ಅಂತ ಬೇಡ. "ತುದಿಯಲ್ಲಿ ಬರೀ ಕೊಕ್ಕೆ" ಅನ್ನೋದನ್ನು ಬೇರೆ ಸಾಲಿಗೆ ಹಾಕಿ, ಓದುವವರೇ ಹತ್ತಿರದಿಂದ ನೋಡ್ತಾರೆ. ಪುಟದ ಲೆಕ್ಕ ಇಂಗ್ಲಿಷ್ ಸ್ಕ್ರಿಪ್ಟಿನದು, ಕೊರಿಯರ್ ಫಾಂಟ್, 12 ಪಾಯಿಂಟ್. ಕನ್ನಡದಲ್ಲಿ ಅದನ್ನು ನಂಬಬೇಡಿ. ಸೀನ್ ಜೋರಾಗಿ ಓದಿ, ಮಾತಿಲ್ಲದ ಕಡೆ ಅಷ್ಟು ಹೊತ್ತು ಸುಮ್ಮನಿದ್ದು, ಮೊಬೈಲ್‌ನಲ್ಲಿ ಟೈಮ್ ಹಿಡಿಯಿರಿ.