ಪದಚರ್ಚೆ: ಚಿತ್ರವನ್ನು ‘ಆಡಿಸು’ ಎಂದರೆ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

‘ಅನಿಮೇಟ್ ಮಾಡು’ ಎಂಬುದಕ್ಕೆ ಕನ್ನಡದ ಒಂದು ಕ್ರಿಯಾಪದ ಹುಡುಕುತ್ತಿದ್ದೇನೆ. ಮೈಸೂರಿನ ಪ್ರೌಢಶಾಲಾ ಮಕ್ಕಳಿಗಾಗಿ ಒಂದು ಕೈಪಿಡಿ ಬರೆಯುವ ಕೆಲಸ ಕೈಯಲ್ಲಿದೆ. ಮಕ್ಕಳು ತಮ್ಮ ಚಿತ್ರಪುಸ್ತಕದಲ್ಲಿ ಬರೆದುಕೊಂಡ ಟಾಂಗಾ, ದೇವರಾಜ ಮಾರುಕಟ್ಟೆಯ ಹೂವಿನ ಅಂಗಡಿ, ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆ ಅಥವಾ ತಾವೇ ಕಟ್ಟಿದ ಚಿತ್ರಕಥೆಯ (ಕಾಮಿಕ್ಸ್) ಒಂದು ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಕಂಪ್ಯೂಟರಿಗೆ ಹಾಕಿಕೊಂಡು, ಕೆಲವೇ ಸೆಕೆಂಡುಗಳ ಸರಳ ಅನಿಮೇಷನ್ ಮಾಡುವುದು ಹೇಗೆ ಎಂಬುದು ಕೈಪಿಡಿಯ ವಿಷಯ. ತಂತ್ರಾಂಶ ಕ್ರಿಟಾ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಚಿತ್ರ ಬರೆಯುವುದನ್ನೂ ಅದನ್ನು ಓಡಿಸಿ ನೋಡುವುದನ್ನೂ ಒಂದೇ ಕಡೆ ಮಾಡಬಹುದು.

‘ಅನಿಮೇಷನ್’ ಎಂಬ ನಾಮಪದದ ಬಗ್ಗೆ ನನಗೆ ತಕರಾರಿಲ್ಲ. ಪತ್ರಿಕೆಗಳಲ್ಲಿ ನೆಲೆನಿಂತ ಪದ ಅದು, ಆರನೇ ತರಗತಿಯ ಹುಡುಗನಿಗೂ ಗೊತ್ತು. ತೊಡಕು ಇರುವುದು ಕ್ರಿಯಾಪದದಲ್ಲಿ. ಕೈಪಿಡಿಯೆಂದರೆ ಆದೇಶಗಳ ಸಾಲು: ಇದನ್ನು ಕತ್ತರಿಸಿ, ಅದನ್ನು ಜೋಡಿಸಿ, ಇದನ್ನು ಹೀಗೆ ಮಾಡಿ. ಆ ‘ಹೀಗೆ ಮಾಡಿ’ಯ ಜಾಗದಲ್ಲಿ ಪ್ರತಿ ಪುಟದಲ್ಲೂ ‘ಅನಿಮೇಟ್ ಮಾಡಿ’ ಎಂದು ಬರೆಯುತ್ತಾ ಹೋದರೆ, ಕನ್ನಡದ ಮಗುವಿಗೆ ಕೈ ಏನು ಮಾಡಬೇಕೆಂಬುದು ಆ ಪದದಿಂದ ತಿಳಿಯುವುದೇ ಇಲ್ಲ. ‘ಕತ್ತರಿಸಿ’ ಎಂದರೆ ಕೈಗೆ ಗೊತ್ತಾಗುತ್ತದೆ. ‘ಅನಿಮೇಟ್ ಮಾಡಿ’ ಎಂದರೆ ಗೊತ್ತಾಗುವುದಿಲ್ಲ.

ಕರಡನ್ನು ಓದಿದ ಹಿರಿಯರೊಬ್ಬರು ‘ಚಲನೆ’ಯಿಂದ ಹೊರಡೋಣ ಎಂದರು. ಚಲನಚಿತ್ರ ಎಂಬ ಪದ ನಮ್ಮಲ್ಲಿ ಎಂದೋ ಬೇರೂರಿರುವಾಗ ಇದು ಸಹಜವಾದ ಸಲಹೆ. ಆದರೆ ವಾಕ್ಯ ಕಟ್ಟಲು ಕುಳಿತಾಗ ವ್ಯಾಕರಣ ಅಡ್ಡ ಬರುತ್ತದೆ. ಓಡು–ಓಡಿಸು, ಕುಣಿ–ಕುಣಿಸು, ತಿರುಗು–ತಿರುಗಿಸು ಎಂದು ಅಚ್ಚಗನ್ನಡ ಧಾತುಗಳಿಗೆ ‘ಇಸು’ ಹಚ್ಚಿದರೆ ಪ್ರೇರಣಾರ್ಥಕ ಸಿಗುತ್ತದೆ. ಇನ್ನೊಬ್ಬರಿಂದ ಅಥವಾ ಇನ್ನೊಂದರಿಂದ ಆ ಕೆಲಸ ಮಾಡಿಸುವ ಅರ್ಥ ಬರುತ್ತದೆ. ‘ಚಲಿಸು’ವಿನಲ್ಲಿ ಇರುವ ‘ಇಸು’ ಅದಲ್ಲ. ಸಂಸ್ಕೃತದ ಧಾತುವನ್ನು ಕನ್ನಡದ ಕ್ರಿಯಾಪದವಾಗಿಸಲು ಬಂದ ‘ಇಸು’ ಅದು. ಹಾಗಾಗಿ ‘ಬಸ್ ಚಲಿಸಿತು’ ಎನ್ನುತ್ತೇವೆಯೇ ಹೊರತು ‘ಚಾಲಕ ಬಸ್ಸನ್ನು ಚಲಿಸಿದ’ ಎನ್ನುವುದಿಲ್ಲ. ‘ಕುದುರೆಯ ತಲೆಯನ್ನು ಚಲಿಸಿ’ ಎಂದು ಬರೆದರೆ ವಾಕ್ಯ ಮುರಿದಂತೆ ಕೇಳುತ್ತದೆ. ‘ಚಲಿಸುವಂತೆ ಮಾಡಿ’ ಎಂದು ಬರೆಯಬಹುದು, ಆದರೆ ಹತ್ತು ಸಾಲಿನಲ್ಲಿ ಏಳು ಸಲ ಅದು ಬಂದರೆ ಓದುವವರಿಗೆ ಉಸಿರು ಕಟ್ಟುತ್ತದೆ. ‘ಚಲಾಯಿಸು’ ಎಂಬ ಸಕರ್ಮಕ ರೂಪ ನಮ್ಮಲ್ಲಿದೆ ನಿಜ, ಅದನ್ನು ವಾಹನ, ಮತ, ಅಧಿಕಾರ ಇವುಗಳೇ ಹಿಡಿದುಕೊಂಡು ಕುಳಿತಿವೆ. ‘ಚಲನಗೊಳಿಸು’ ಎಂದು ಹೊಸದಾಗಿ ಕಟ್ಟಬಹುದು. ಮಕ್ಕಳ ಪುಸ್ತಕದಲ್ಲಿ ಅದನ್ನು ಬಳಸಲು ನನಗೆ ಮನಸ್ಸಿಲ್ಲ.

‘ಸಜೀವಗೊಳಿಸು’, ‘ಜೀವ ತುಂಬು’ ಇವುಗಳ ಮಾತೇನು? ಲ್ಯಾಟಿನ್ನಿನ ‘ಅನಿಮಾ’ ಎಂದರೆ ಉಸಿರು, ಪ್ರಾಣ. ಮೂಲಕ್ಕೆ ಹತ್ತಿರವಿರುವುದು ಇವೇ. ಆದರೆ ಕನ್ನಡದಲ್ಲಿ ‘ಜೀವ ತುಂಬು’ ಎಂಬ ಮಾತಿಗೆ ಆಗಲೇ ಬೇರೆ ಉದ್ಯೋಗವಿದೆ. ನಟಿ ಪಾತ್ರಕ್ಕೆ ಜೀವ ತುಂಬುತ್ತಾಳೆ, ಶಿಲ್ಪಿ ಕಲ್ಲಿಗೆ ಜೀವ ತುಂಬುತ್ತಾನೆ. ಚಾಮುಂಡಿ ಬೆಟ್ಟದ ನಂದಿಯನ್ನು ಜೀವ ತುಂಬಿದ ವಿಗ್ರಹ ಎಂದರೆ ಯಾರೂ ಅದು ಎದ್ದು ನಡೆಯುತ್ತದೆ ಎಂದುಕೊಳ್ಳುವುದಿಲ್ಲ. ಅಲುಗಾಡದ ಒಂದು ಚಿತ್ರವನ್ನು ಚೆನ್ನಾಗಿ ಬರೆದರೂ ಅದು ಜೀವ ತುಂಬಿದ ಚಿತ್ರವೇ. ಹೊಗಳಿಕೆಯ ಪದವನ್ನು ತಂತ್ರದ ಪದವಾಗಿ ಬಳಸಿದರೆ ಎರಡೂ ಕೆಡುತ್ತವೆ.

‘ಅನಿಮೇಷನ’ ಎಂದೇ ಕನ್ನಡಿಸಿಬಿಡೋಣ, ಸಂಸ್ಕೃತದ ಹಾಗೆಯೇ ಕೇಳಿಸುತ್ತದಲ್ಲ ಎಂಬ ಸಲಹೆಯೂ ಬಂದಿದೆ. ಇದನ್ನು ನಾನು ಒಪ್ಪಲಾರೆ. ‘ಅನಿಮಿಷ’, ‘ಅನಿಮೇಷ’ ಎಂದರೆ ರೆಪ್ಪೆ ಬಡಿಯದ ಎಂದರ್ಥ. ದೇವತೆಗಳು ಅನಿಮಿಷರು, ಎವೆಯಿಕ್ಕದೆ ನೋಡುವ ನೋಟ ಅನಿಮೇಷ ದೃಷ್ಟಿ. ಅನಿಮೇಷನ್ನಿಗೂ ಇದಕ್ಕೂ ಬೇರಿನ ಸಂಬಂಧವಿಲ್ಲ, ಕಿವಿಗೆ ಮಾತ್ರ ಸಂಬಂಧ. ಅದಕ್ಕಿಂತ ಮುಖ್ಯವಾಗಿ, ಈ ಕೆಲಸದಲ್ಲಿ ಮಕ್ಕಳಿಗೆ ನಾವು ಕಲಿಸುವ ಮೊದಲ ಪಾಠವೇ ಕಣ್ಣು ಮಿಟುಕಿಸುವುದು. ಬರೆದ ಮುಖ ಹಾಗೆಯೇ ಇರಲಿ. ರೆಪ್ಪೆ ಅರ್ಧ ಮುಚ್ಚಿದ್ದೊಂದು, ಪೂರ್ತಿ ಮುಚ್ಚಿದ್ದೊಂದು, ಇಷ್ಟೇ ಹೊಸ ಚಿತ್ರಗಳು ಬೇಕು. ತೆರೆದ ಕಣ್ಣು, ಅರ್ಧ, ಪೂರ್ತಿ, ಮತ್ತೆ ಅದೇ ಅರ್ಧ, ಮತ್ತೆ ತೆರೆದ ಕಣ್ಣು. ಸೆಕೆಂಡಿಗೆ 12 ಚಿತ್ರಗಳ ಲೆಕ್ಕದಲ್ಲಿ ನಡುವಿನ ಆ ಮೂರು ಚಿತ್ರಗಳು ಕಾಲು ಸೆಕೆಂಡು ನಿಲ್ಲುತ್ತವೆ, ಕಾಗದದ ಮುಖ ನಮ್ಮನ್ನು ನೋಡುತ್ತಿದೆ ಅನ್ನಿಸಿಬಿಡುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಫಲ ಕೊಡುವ ಇನ್ನೊಂದು ಪಾಠ ನಾನು ಕಂಡಿಲ್ಲ. ಇಂಥ ಕೆಲಸಕ್ಕೆ ರೆಪ್ಪೆ ಬಡಿಯದಿರುವಿಕೆಯ ಹೆಸರಿಡುವುದು ನನಗೆ ಸರಿ ಕಾಣುವುದಿಲ್ಲ.

ಉಳಿದದ್ದು, ನಾನು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಪದ: ‘ಆಡಿಸು’.

‘ಆಡು’ ಧಾತುವಿನಷ್ಟು ಮೈಬಳುಕುವ ಧಾತು ಕನ್ನಡದಲ್ಲಿ ಅಪರೂಪ. ಗಾಳಿ ಆಡುತ್ತದೆ, ಬಾವುಟ ಗಾಳಿಗೆ ಆಡುತ್ತದೆ. ತಲೆಯಾಡಿಸುತ್ತೇವೆ, ಕೈಯಾಡಿಸುತ್ತೇವೆ, ಪುಟದ ಮೇಲೆ ಕಣ್ಣಾಡಿಸುತ್ತೇವೆ. ತೂಗಾಡು, ಓಲಾಡು, ನಲಿದಾಡು, ಓಡಾಡು. ಇವೆಲ್ಲದರಲ್ಲೂ ಒಂದೇ ಸಲ ಆಗಿ ಮುಗಿಯದ, ಮತ್ತೆ ಮತ್ತೆ ಆಗುವ ಚಲನೆಯಿದೆ. ಸರಳ ಅನಿಮೇಷನ್ನಿನಲ್ಲಿ ನಾವು ಮಾಡುವುದು ಹೆಚ್ಚಾಗಿ ಅಂಥ ಚಲನೆಯೇ: ಮುಗಿದಲ್ಲಿಂದ ಮತ್ತೆ ಮೊದಲಾಗುವ ಆವರ್ತ. ಬಾಲ ಆಡುತ್ತದೆ, ದೀಪದ ಕುಡಿ ಆಡುತ್ತದೆ. ‘ಉಸಿರಾಡು’ ಎಂಬುದನ್ನಂತೂ ನೋಡಿ. ಲ್ಯಾಟಿನ್ ಪದ ಎಲ್ಲಿಂದ ಹೊರಟಿತೋ ಆ ಉಸಿರೇ ಕನ್ನಡದಲ್ಲಿ ‘ಆಡು’ವಿನ ಜತೆ ಕೂಡಿಕೊಂಡಿದೆ. ಕಣ್ಣು ಮಿಟುಕಿಸಿದ ಮೇಲೆ ನಮ್ಮ ಎರಡನೆಯ ಪಾಠವೂ ಇದೇ. ನಿಂತ ವ್ಯಕ್ತಿಯ ಎದೆ, ಭುಜಗಳನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವುದು.

ನನಗೆ ಧೈರ್ಯ ಕೊಟ್ಟದ್ದು ಮಾತ್ರ ತೊಗಲುಗೊಂಬೆ. ಬರೆದ ಚಿತ್ರವೊಂದನ್ನು ಅಲುಗಿಸಿ ಕಥೆ ಹೇಳುವ ಕಲೆ ನಮ್ಮ ಸೀಮೆಗೆ ಹೊಸದಲ್ಲ. ನಾಗಮಂಗಲದ ಕಡೆಯ ಗೊಂಬೆರಾಮರು ತೊಗಲನ್ನು ಹದಮಾಡಿ, ಅದರ ಮೇಲೆ ಚಿತ್ರ ಬರೆದು, ಬಣ್ಣ ಹಾಕಿ, ತೂತು ಕೊರೆದು, ಬೆಳಕು ಬಿದ್ದ ಪರದೆಗೆ ಒತ್ತಿ ಹಿಡಿದು ಮಾಡುತ್ತಾ ಬಂದದ್ದು ಇದನ್ನೇ. ಅದಕ್ಕೆ ಕನ್ನಡ ಕೊಟ್ಟ ಕ್ರಿಯಾಪದ ‘ಗೊಂಬೆ ಆಡಿಸು’, ನಾಮಪದ ‘ಗೊಂಬೆಯಾಟ’. ಸಿನಿಮಾ ಬಂದಾಗಲೂ ನಮ್ಮ ಜನ ಅದೇ ಪದವನ್ನು ಅಲ್ಲಿಗೆ ಒಯ್ದರು. ಮೈಸೂರು, ಮಂಡ್ಯದ ಟಾಕೀಸುಗಳಲ್ಲಿ ಬೆಳಗಿನ ಆಟ, ಮೊದಲ ಆಟ, ಎರಡನೇ ಆಟ ಎಂದೇ ಹೇಳುತ್ತಾ ಬಂದಿದ್ದಾರೆ. ಕತ್ತರಿಸಿದ ಆಕೃತಿಗಳನ್ನು ಆಡಿಸುವ ದಾರಿಯನ್ನು ಪಶ್ಚಿಮದವರೂ ಹಿಡಿದಿದ್ದಾರೆ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕೈಕಾಲುಗಳಿಗೆ ಕೀಲು ಹಾಕಿದ ನೆರಳಾಕೃತಿಗಳಿಂದಲೇ ಪೂರ್ಣ ಉದ್ದದ ಸಿನಿಮಾ ಮಾಡಿ ತೋರಿಸಿದರು. ನಮ್ಮ ಮಕ್ಕಳು ಕಂಪ್ಯೂಟರಿನಲ್ಲಿ ಕುದುರೆಯ ತಲೆಯನ್ನು ಬೇರೆ ಪದರಕ್ಕೆ ಎತ್ತಿಟ್ಟು, ಕತ್ತಿನ ಬಳಿ ತಿರುಗುವ ಬಿಂದು ಗುರುತಿಸುವಾಗ ಮಾಡುತ್ತಿರುವುದು ಇದನ್ನೇ.

ಆಕ್ಷೇಪಗಳು ನನಗೆ ಕಾಣುತ್ತಿವೆ. ‘ಆಡಿಸು’ವಿಗೆ ಮಗುವನ್ನು ಆಡಿಸುವ ಅರ್ಥವಿದೆ, ಯಾರನ್ನೋ ಬೇಕಾದಂತೆ ಆಡಿಸುವ ಅರ್ಥವಿದೆ, ಪಂದ್ಯ ಆಡಿಸುವ ಅರ್ಥವಿದೆ. ಕರ್ಮಪದ ಜತೆಗಿದ್ದರೆ ಗೊಂದಲವಾಗದು ಎಂದು ನನ್ನ ಅನಿಸಿಕೆ. ‘ಟಾಂಗಾದ ಕುದುರೆಯ ತಲೆಯನ್ನು ಆಡಿಸಿ’ ಎಂದರೆ ಯಾವ ಮಗುವೂ ತಪ್ಪು ತಿಳಿಯದು. ‘ಅಲ್ಲಾಡಿಸಿ’ ಎಂದು ಬರೆದರೆ ಮಾತ್ರ ಅಪಾಯ, ಅದರಲ್ಲಿ ನಡುಕದ, ಕುಲುಕುವಿಕೆಯ ಛಾಯೆ ಇದೆ. ‘ಕುಣಿಸು’ ಚೆಂದದ ಪದ, ಸೂತ್ರದ ಗೊಂಬೆಗೆ ಹೊಂದುತ್ತದೆ, ಆದರೆ ಬಾವುಟವನ್ನು, ಹೊಗೆಯನ್ನು ಕುಣಿಸಲಾಗದು. ‘ಆಟ’ ಎಂಬ ನೆಂಟಸ್ತಿಕೆಯಿಂದ ಪದ ಹಗುರವಾಗುತ್ತದೆ, ಒಂದು ವೃತ್ತಿಯ ಗೌರವ ಅದಕ್ಕೆ ಬರುವುದಿಲ್ಲ ಎಂಬ ಮಾತನ್ನೂ ಕೇಳಿದ್ದೇನೆ. ಬಯಲಾಟ, ಯಕ್ಷಗಾನದ ಆಟಗಳನ್ನು ಕಂಡ ಭಾಷೆಗೆ ಈ ಅಳುಕು ಬೇಕಿಲ್ಲ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಬೇರೆ. ಈ ಕೆಲಸದಲ್ಲಿ ಮೂರು ಬಗೆಗಳಿವೆ. ಚಿತ್ರಕಥೆಯ ಒಂದು ಚಿತ್ರವನ್ನು ಹಾಗೆಯೇ ಇಟ್ಟು, ನೋಟವನ್ನು ಅದರ ಮೇಲೆ ಎಡದಿಂದ ಬಲಕ್ಕೆ ಸಾಗಿಸುವುದು, ಹತ್ತಿರ ತರುವುದು, ಹಿನ್ನೆಲೆಯನ್ನು ನಿಧಾನ, ಮುನ್ನೆಲೆಯನ್ನು ಬೇಗ ಜರುಗಿಸಿ ಆಳ ತೋರಿಸುವುದು ಒಂದು ಬಗೆ. ಚಿತ್ರದ ಅಂಗಗಳನ್ನು ಬಿಡಿಸಿ ಆಡಿಸುವುದು ಇನ್ನೊಂದು. ಮೂರನೆಯದು ಕಷ್ಟದ ದಾರಿ, ಪ್ರತಿ ಚಿತ್ರವನ್ನೂ ಹೊಸದಾಗಿ ಬರೆಯುವುದು. ಸಿನಿಮಾದ ಸೆಕೆಂಡಿಗೆ 24 ಫ್ರೇಮುಗಳು, ಎಂದರೆ ಒಂದರ ಹಿಂದೊಂದು ತೆರೆಗೆ ಬರುವ ಬಿಡಿಚಿತ್ರಗಳು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬರೆಯಬೇಕು. ಅಮೆರಿಕದ ಪತ್ರಿಕಾ ಚಿತ್ರಕಥೆಗಾರ ವಿನ್ಸರ್ ಮೆಕೇ 1911ರಲ್ಲಿ ತನ್ನದೇ ಪಾತ್ರಗಳನ್ನು ತೆರೆಗೆ ತಂದದ್ದು ಹೀಗೆ, ಸುಮಾರು ನಾಲ್ಕು ಸಾವಿರ ಚಿತ್ರಗಳನ್ನು ಕೈಯಲ್ಲಿ ಬರೆದು. ಇಂಗ್ಲಿಷ್ ಮೂರನ್ನೂ ಒಂದೇ ಪದದಲ್ಲಿ ಮುಚ್ಚಿಡುತ್ತದೆ. ನಾನು ಮೊದಲನೆಯದಕ್ಕೆ ‘ಸರಿಸು’, ಉಳಿದ ಎರಡಕ್ಕೆ ‘ಆಡಿಸು’ ಎಂದು ಗೆರೆ ಎಳೆದಿದ್ದೇನೆ: ಚಿತ್ರದ ಒಳಗೆ ಏನಾದರೂ ಬದಲಾದರೆ ಮಾತ್ರ ಅದು ಆಡಿತು ಎಂದು. ಆದರೆ ತೊಗಲುಗೊಂಬೆಯೇ ಈ ಗೆರೆಯನ್ನು ಅಳಿಸುತ್ತದೆ. ನಮ್ಮ ಗೊಂಬೆಗಳಲ್ಲಿ ಕೈ ಮಾತ್ರ ಆಡುವವು ಇರುವ ಹಾಗೆ, ಇಡೀ ದೃಶ್ಯವನ್ನು ಒಂದೇ ತೊಗಲಿನಲ್ಲಿ ಬರೆದವೂ ಇವೆ. ಅಂಥದ್ದನ್ನು ಪರದೆಯ ಮೇಲೆ ಇಡಿಯಾಗಿ ಜರುಗಿಸಿದರೂ ಅದು ಗೊಂಬೆ ಆಡಿಸುವುದೇ ಅಲ್ಲವೇ? ಹಾಗಾದರೆ ನನ್ನ ಗೆರೆ ಪರಂಪರೆಗೆ ವಿರುದ್ಧವೇ? ಈ ಪ್ರಶ್ನೆಗೆ ನಿಮ್ಮ ವಿಚಾರ ಬೇಕು.

ಜತೆಗಾರ ಪದಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಗ ತಿರುಗುವ ಬಿಂದುವಿಗೆ ‘ಕೀಲು’ ಎಂದಿದ್ದೇನೆ. ಕೀಲುಗೊಂಬೆ, ಕೀಲುಕುದುರೆ ಪದಗಳು ನಮಗಾಗಲೇ ಗೊತ್ತಿರುವುದರಿಂದ ವಿವರಣೆ ಬೇಡ. ಆಕೃತಿಯ ಅಂಗಗಳನ್ನು ಜೋಡಿಸಿ ಆಡಿಸಲು ಸಿದ್ಧಮಾಡುವ ಇಡೀ ಕೆಲಸ ‘ಕೀಲು ಹಾಕುವುದು’ ಆಗುತ್ತದೆ. ಈ ಕಾರಣಕ್ಕೇ ಕೀ-ಫ್ರೇಮಿಗೆ, ಎಂದರೆ ಚಲನೆಯ ಮುಖ್ಯ ಭಂಗಿಯನ್ನು ತೋರಿಸುವ ಚಿತ್ರಕ್ಕೆ, ಕೆಲವರು ಬಳಸುವ ‘ಕೀಲಿ ಚೌಕಟ್ಟು’ ಬೇಡವೆಂದು ಬಿಟ್ಟೆ. ಒಂದೇ ಪುಟದಲ್ಲಿ ಕೀಲು, ಕೀಲಿ ಎರಡೂ ಬಂದರೆ ಮಕ್ಕಳು ತಡವರಿಸುತ್ತಾರೆ, ಅಲ್ಲದೆ ಅಲ್ಲಿ ಬೀಗದ ಮಾತೂ ಇಲ್ಲ. ‘ಭಂಗಿಚಿತ್ರ’ ಎಂದಿದ್ದೇನೆ, ಎರಡು ಭಂಗಿಗಳ ನಡುವೆ ತುಂಬುವುದು ‘ನಡುಚಿತ್ರ’. ಚಿತ್ರಕಥೆಯ ಪುಟದ ಒಂದೊಂದು ಭಾಗವನ್ನು ‘ಚೌಕಟ್ಟು’ ಎಂದರೆ ಸಿನಿಮಾದ ಫ್ರೇಮಿನೊಂದಿಗೆ ಡಿಕ್ಕಿಯಾಗುತ್ತದೆ. ‘ಮೂರನೆಯ ಚೌಕಟ್ಟನ್ನು ಇಪ್ಪತ್ತನಾಲ್ಕು ಚೌಕಟ್ಟುಗಳಾಗಿಸಿ’ ಎಂಬ ವಾಕ್ಯ ಯಾರಿಗೂ ಅರ್ಥವಾಗದು. ಫ್ರೇಮನ್ನು ಫ್ರೇಮ್ ಎಂದೇ ಉಳಿಸಿ, ಚಿತ್ರಕಥೆಯ ಭಾಗಕ್ಕೆ ‘ಮನೆ’ ಎಂದು ಹೇಳಿ ನೋಡಿದೆ. ಚೌಕಾಬಾರ, ಚದುರಂಗ ಆಡಿದ ಮಕ್ಕಳಿಗೆ ‘ಮೂರನೇ ಮನೆ’ ಎಂದರೆ ಸಾಕಾಯಿತು. ಹಿಂದಿನ ಚಿತ್ರ ಮಸುಕಾಗಿ ಕಾಣುವ ಸೌಲಭ್ಯಕ್ಕೆ ‘ಈರುಳ್ಳಿ ಸಿಪ್ಪೆ’ ಎಂಬ ಪದಶಃ ಅನುವಾದ ಬೇಡ. ಇಂಗ್ಲಿಷಿನಲ್ಲಿ ‘ಆನಿಯನ್ ಸ್ಕಿನ್’ ಎಂಬ ಹೆಸರು ಬಂದದ್ದು ಅದೇ ಹೆಸರಿನ ತೆಳು ಕಾಗದದಿಂದ, ತರಕಾರಿಯಿಂದ ನೇರವಾಗಿ ಅಲ್ಲ. ಸದ್ಯಕ್ಕೆ ‘ಹಿಂದಿನ ನೆರಳು’ ಎಂದು ಬರೆದಿದ್ದೇನೆ, ಇನ್ನೂ ಒಳ್ಳೆಯದಿದ್ದರೆ ಸಂತೋಷ.

ಮಂಡ್ಯ, ನಾಗಮಂಗಲದ ಕಡೆಯವರಲ್ಲಿ ವಿಶೇಷ ವಿನಂತಿ. ಗೊಂಬೆಯಾಟದ ಕುಟುಂಬಗಳ ಪರಿಚಯ ನಿಮಗಿದ್ದರೆ, ಗೊಂಬೆಯ ಕೈಯನ್ನು ಭುಜಕ್ಕೆ ಸೇರಿಸಿ ಕಟ್ಟುವ ಗಂಟಿಗೆ ಅವರು ಏನೆನ್ನುತ್ತಾರೆ, ಗೊಂಬೆಯನ್ನು ಕದಲಿಸದೆ ಕೆಲಹೊತ್ತು ನಿಲ್ಲಿಸಿ ಹಿಡಿಯುವುದಕ್ಕೆ ಯಾವ ಮಾತು ಬಳಸುತ್ತಾರೆ ಎಂದು ಕೇಳಿ ತಿಳಿಸಿ. ಎರಡನೆಯದು ತುರ್ತಾಗಿ ಬೇಕು. ಒಂದೇ ಚಿತ್ರವನ್ನು ಹಲವು ಫ್ರೇಮುಗಳವರೆಗೆ ನಿಲ್ಲಿಸುವುದನ್ನು ಕಲಿಯದ ಮಗು ಎಲ್ಲವನ್ನೂ ಎಡೆಬಿಡದೆ ಆಡಿಸುತ್ತದೆ, ನೋಡುವ ಕಣ್ಣಿಗೆ ಬಿಡುವೇ ಸಿಗುವುದಿಲ್ಲ. ‘ನಿಲ್ಲಿಸಿ’ ಎಂದು ಬರೆದರೆ ಕೆಲಸವನ್ನೇ ಮುಗಿಸಿ ಎಂದು ತಿಳಿಯುತ್ತಾರೆ, ‘ತಡೆಯಿರಿ’ ಎಂದರೆ ಅಡ್ಡಿಪಡಿಸಿ ಎಂಬ ಧ್ವನಿ ಬರುತ್ತದೆ. ಪರದೆಯ ಹಿಂದೆ ಕುಳಿತು ಬೆಳಗಿನವರೆಗೆ ಗೊಂಬೆ ಆಡಿಸಿದವರ ಬಾಯಲ್ಲಿ ಇದಕ್ಕೊಂದು ಪದ ಇರಲೇಬೇಕು ಎಂದು ನಂಬಿದ್ದೇನೆ. ಕೈಪಿಡಿ ಅಚ್ಚಿಗೆ ಹೋಗುವ ಮುನ್ನ ಉತ್ತರ ಬಂದರೆ ಅದೇ ಪದವನ್ನು ಹಾಕುತ್ತೇನೆ.